ತಾಟು ತೊಳೆದ ನೀರು

ನಮ್ಮ ಅಕ್ಕನ ಗಂಡ ರೇವಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಸಿಂದಗಿಯಿಂದ ಹೊರಟು ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳ, ಅಲ್ಲಿಂದ ತಿರುಗಿ ಸಿಂದಗಿ. ಊಟಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಹದಿನೈದು ನಿಮಿಷ ಸಿಗುತ್ತಿತ್ತು. ಅದರಲ್ಲಿ ಮೂರು ನಿಮಿಷ ಟೈರು ಬಡಿದು ನೋಡಲಿಕ್ಕೆ ಹೋಗುತ್ತಿತ್ತು, ಉಳಿದ ಹನ್ನೆರಡರಲ್ಲಿ ಮೂರು ರೊಟ್ಟಿ, ಪಲ್ಯ, ಅನ್ನ ಎಲ್ಲ ಒಳಗೆ. ರೇವಪ್ಪ ಊಟ ಮಾಡುವುದಿಲ್ಲ, ಡೀಸೆಲ್ ಹಾಕಿಸಿಕೊಳ್ಳುತ್ತಾನೆ ಎಂದು ಅವರ ಜೊತೆ ಬಹಳ ವರ್ಷ ಕಂಡಕ್ಟರಾಗಿದ್ದ ಜುಲ್ಫಿಕರ ಎಲ್ಲರೆದುರು ಹೇಳುತ್ತಿದ್ದ. ನಿವೃತ್ತಿಯಾಗಿ ಗೊಳಸಂಗಿಯ ಮನೆಗೆ ಬಂದು ಕೂತ ಮೇಲೂ ಆ ಹನ್ನೆರಡು ನಿಮಿಷ ಬದಲಾಗಲಿಲ್ಲ. ಉಂಡು, ತಾಟನ್ನು ಇದ್ದಲ್ಲೇ ಬಿಟ್ಟು ಎದ್ದುಬಿಡುತ್ತಿದ್ದರು.

ನಾನು ಸುನಂದಾ, ಅವರ ಹೆಂಡತಿ ಚನ್ನವ್ವನ ತಂಗಿ. ಇಂಡಿ ಪಟ್ಟಣದಲ್ಲಿ ಅಂಗನವಾಡಿ ಟೀಚರ್. ನಮ್ಮ ಕಡೆ ಅಕ್ಕನ ಗಂಡನನ್ನು ಮಾಮಾ ಅನ್ನುತ್ತೇವೆ. ಈ ಮಾಮಾನ ಮೇಲೆ ನನಗೆ ಮದುವೆಯ ದಿನದಿಂದಲೂ ಒಂದು ಸಿಟ್ಟು. ಕೆಟ್ಟವರೇನಲ್ಲ. ಕುಡಿಯಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಲಿಲ್ಲ. ಆದರೆ ತಂಬಿಗೆ ಕೈಯಳತೆಯಲ್ಲಿದ್ದರೂ ‘ನೀರ’ ಎಂದು ಒಳಗಿನವಳನ್ನು ಕೂಗುವ ಗಂಡಸು. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಆಗ ನನಗೆ ಇಬ್ಬರ ಮೇಲೂ ಮೈ ಉರಿಯುತ್ತಿತ್ತು.

ಅಕ್ಕನ ಊಟದ ರೀತಿಯೇ ಬೇರೆ. ಹದಿನಾಲ್ಕನೇ ವಯಸ್ಸಿಗೆ ಲಿಂಗದೀಕ್ಷೆ ತೆಗೆದುಕೊಂಡವಳು. ಸ್ನಾನ, ಪೂಜೆ ಆಗದೆ ಒಂದು ಗುಟುಕು ಚಹ ಕೂಡ ಬಾಯಿಗೆ ಹಾಕುತ್ತಿರಲಿಲ್ಲ. ತಾಟಿಗೆ ಬಿದ್ದದ್ದೆಲ್ಲ ಅವಳಿಗೆ ಪ್ರಸಾದ. ಒಂದು ಅಗುಳು ಬಿಡದೆ ಉಂಡು, ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತಿಕ್ಕಿ ತೊಳೆದು, ಆ ನೀರನ್ನು ಎರಡೂ ಕೈಯಿಂದ ತಾಟೆತ್ತಿ ಕುಡಿದರೆ ಅವಳ ಊಟ ಮುಗಿದ ಹಾಗೆ. ದೀಕ್ಷೆ ಆದವರ ಮನೆಗಳಲ್ಲಿ ಇದು ಹೊಸದೇನಲ್ಲ, ನಮ್ಮ ಅವ್ವನೂ ಹಾಗೇ ಮಾಡುತ್ತಿದ್ದಳು. ನಾನು ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಬಿಟ್ಟೆ, ಅಕ್ಕ ಬಿಡಲಿಲ್ಲ. ಅದರಲ್ಲೂ ಅವಳು ಉಣ್ಣುತ್ತಿದ್ದದ್ದು ಮಾಮಾ ಉಂಡು ಬಿಟ್ಟ ತಾಟಿನಲ್ಲಿ. ಬೇರೆ ತಾಟು ತಗೋ ಎಂದು ನಾನು ಎಷ್ಟು ಸಲ ಜಗಳವಾಡಿದ್ದೇನೆಂದು ಲೆಕ್ಕವಿಲ್ಲ. ಅಕ್ಕ ನಕ್ಕು ಅದೇ ತಾಟಿಗೆ ಬಡಿಸಿಕೊಳ್ಳುತ್ತಿದ್ದಳು.

ಕಳೆದ ಶ್ರಾವಣದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಬಾಯಿಯ ಬಲಮಗ್ಗುಲು ಎಲ್ಲ ಸೋತವು. ಮಾತೂ ಹೋಯಿತು. ಉಳಿದದ್ದು ‘ಬ್ಯಾಡ’ ಎಂಬ ಒಂದು ಶಬ್ದ. ನುಂಗಲು ಬರುತ್ತಿರಲಿಲ್ಲವಾದ್ದರಿಂದ ವಿಜಯಪುರದ ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಅಕ್ಕ ಅದನ್ನು ಎಡಗೈಯಿಂದ ಎರಡು ಸಲ ಕಿತ್ತೆಸೆದಳು. ಮೂರನೆಯ ಸಲ ಆ ಕೈಗೆ ಬಟ್ಟೆ ಸುತ್ತಿ ಮಂಚಕ್ಕೆ ಕಟ್ಟಬೇಕಾಯಿತು. ಕೈ ಕಟ್ಟಿಸಿಕೊಂಡು ಛಾವಣಿ ನೋಡುತ್ತ ಮಲಗಿದ ಅಕ್ಕನ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಅವಳಿಗೆ ಕೈಯಿರಲಿಲ್ಲ. ಮಾಮಾ ಒರೆಸಿದರು. ಅವರು ಅವಳ ಮುಖ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನುಂಗುವುದನ್ನು ಕಲಿಸುವವರೂ ಇರುತ್ತಾರೆಂದು ಗೊತ್ತಾದದ್ದು ಆಗಲೇ. ಪ್ರಿಯದರ್ಶಿನಿ ಎಂದು ಆಕೆಯ ಹೆಸರು, ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ಗಂಟಲಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಅಕ್ಕಪಕ್ಕ ಇರುತ್ತವೆ, ನುಂಗುವಾಗ ಉಸಿರಿನ ಬಾಗಿಲು ಮುಚ್ಚಿಕೊಳ್ಳಬೇಕು, ಅಮ್ಮನವರದು ಈಗ ತಡವಾಗಿ ಮುಚ್ಚುತ್ತದೆ ಎಂದು ಬಿಡಿಸಿ ಹೇಳಿದಳು. ಗಟ್ಟಿಯಾದದ್ದು ನಿಧಾನ ಇಳಿಯುತ್ತದೆ, ಬಾಗಿಲು ಮುಚ್ಚಲು ಸಮಯ ಸಿಗುತ್ತದೆ. ನೀರು ಹಾಗಲ್ಲ, ಸರ್ರನೆ ಇಳಿದು ಪುಪ್ಪುಸಕ್ಕೆ ಹೋಗಿಬಿಡುತ್ತದೆ. ಕೆಮ್ಮು ಬಂದೇ ಬರುತ್ತದೆಂದು ನಂಬಬೇಡಿ, ಕೆಲವರಿಗೆ ಕೆಮ್ಮೂ ಬರುವುದಿಲ್ಲ ಎಂದೂ ಹೇಳಿದ್ದಳಂತೆ. ಅದನ್ನು ಹೇಳುವಾಗ ನಾನು ಅಲ್ಲಿರಲಿಲ್ಲ. ತಿಂಗಳ ಮೇಲೆ ನಳಿಗೆ ತೆಗೆದು ಮನೆಗೆ ಕಳಿಸುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟಳು. ಇನ್ನೊಮ್ಮೆ ಪುಪ್ಪುಸಕ್ಕೆ ಏನಾದರೂ ಇಳಿದರೆ, ಅಥವಾ ಬಾಯಿಂದ ಸಾಕಷ್ಟು ಊಟ ಹೋಗದಿದ್ದರೆ, ಹೊಟ್ಟೆಗೆ ತೂತು ಮಾಡಿ ಕಾಯಂ ನಳಿಗೆ ಇಡಬೇಕಾಗುತ್ತದೆ.

ಮಾಮಾ ಅವಳ ಮಾತುಗಳನ್ನು ರೂಟಿನ ಸ್ಟಾಪುಗಳ ಹಾಗೆ ಒಂದರ ಹಿಂದೆ ಒಂದು ಬಾಯಿಪಾಠ ಮಾಡಿಕೊಂಡರು. ಮನೆಗೆ ಬಂದವರೇ ಕಟ್ಟಿಗೆಯ ಕುರ್ಚಿಗೆ ಎರಡೂ ಕಡೆ ದಿಂಬು ಇಟ್ಟು ಅಕ್ಕನನ್ನು ನೆಟ್ಟಗೆ ಕೂರಿಸಿದರು. ತಾವು ಎದುರಿಗೆ ಮಣೆ ಹಾಕಿಕೊಂಡು ಕೆಳಗೆ ಕೂತರು. ನಿಂತು ತಿನ್ನಿಸಿದರೆ ಅವಳು ಮುಖ ಮೇಲೆತ್ತುತ್ತಾಳೆ, ಗಂಟಲು ತೆರೆದುಕೊಂಡು ಊಟ ತಪ್ಪು ದಾರಿಗೆ ಹೋಗುತ್ತದೆ. ಕೆಳಗೆ ಕೂತರೆ ಅವಳು ಗದ್ದ ಇಳಿಸಿ ಇವರನ್ನು ನೋಡುತ್ತಾಳೆ, ಆಗ ನುಂಗುವುದು ಹಗುರ. ಜೋಳದ ನುಚ್ಚು, ತೊವ್ವೆ ಎರಡನ್ನೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಚಮಚ ಓರೆ ಮಾಡಿದರೆ ಬೀಳಬೇಕು, ಸುರಿಯಬಾರದು, ಅಷ್ಟು ಗಟ್ಟಿ ಇಡುತ್ತಿದ್ದರು. ಕುಡಿಯುವ ನೀರಿಗೆ ಆಸ್ಪತ್ರೆಯವರು ಕೊಟ್ಟ ಪುಡಿ ಕಲಸುತ್ತಿದ್ದರು. ಅರ್ಧ ಚಹದ ಚಮಚ, ಅದೂ ಎಡಮಗ್ಗುಲಿನಿಂದ. ಗಂಟಲು ಏರಿ ಇಳಿಯುವುದನ್ನು ಕಣ್ಣಿಟ್ಟು ನೋಡಿ, ‘ಆ ಅನ್ನು’ ಎನ್ನುವರು. ಅವಳ ದನಿ ಸ್ವಚ್ಛವಾಗಿ ಬಂದರೆ ಮುಂದಿನ ಚಮಚ, ಗೊರಗೊರ ಅಂದರೆ ಚಮಚ ಕೆಳಗೆ. ಬಲಗೆನ್ನೆಯ ಒಳಗೆ ಏನಾದರೂ ಉಳಿದಿದೆಯೇ ಎಂದು ಬೆರಳು ಹಾಕಿ ನೋಡುವರು. ಟಿವಿ ಬಂದ್, ಬಾಗಿಲು ಬಂದ್, ನೋಡಲು ಬಂದ ನೆಂಟರು ಕಟ್ಟೆಯ ಮೇಲೆ. ಮೊದಲ ವಾರ ಎರಡು ಸಲ ತಳ ಹಿಡಿಸಿದರಂತೆ, ಮನೆಯೆಲ್ಲ ಸುಟ್ಟ ವಾಸನೆ. ಹನ್ನೆರಡು ನಿಮಿಷದ ಮನುಷ್ಯ ಒಂದು ಬಟ್ಟಲು ಊಟಕ್ಕೆ ಐವತ್ತು ನಿಮಿಷ ಕೂರುವುದನ್ನು ನೋಡಿ ನನಗೆ ಖುಷಿಯೂ ಆಯಿತು, ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಈ ತಾಳ್ಮೆಯನ್ನು ಎಂದು ಹೊಟ್ಟೆಯೂ ಉರಿಯಿತು.

ನವೆಂಬರಿನಲ್ಲಿ ಮಾಮಾ ಪಿಂಚಣಿಗಾಗಿ ತಾವು ಬದುಕಿದ್ದೇವೆಂದು ಬರೆದುಕೊಡಲು ಬಾಗೇವಾಡಿಯ ಬ್ಯಾಂಕಿಗೆ ಹೋಗಬೇಕಿತ್ತು. ನಾನು ಎರಡು ದಿನ ರಜೆ ಹಾಕಿ ಬಂದೆ. ಹೊರಡುವ ಮುಂಚೆ ಅವರು ಎಲ್ಲವನ್ನೂ ಮೂರು ಸಲ ಹೇಳಿದರು. ಮೂರನೆಯ ಸಲ ನನಗೆ ತಲೆ ಕೆಟ್ಟಿತು. ದಿನಾ ಮೂವತ್ತು ಮಕ್ಕಳಿಗೆ ಉಣ್ಣಿಸುವವಳು ನಾನು, ನನಗೆ ಚಮಚ ಹಿಡಿಯುವುದನ್ನು ಕಲಿಸಬೇಡಿ ಎಂದು ಮುಖಕ್ಕೆ ಹೊಡೆದ ಹಾಗೆ ಅಂದೆ. ಅವರು ಬಾಗಿಲಲ್ಲಿ ನಿಂತು ಏನೋ ಹೇಳಬೇಕೆಂದು ಬಾಯಿ ತೆರೆದು, ಹೇಳದೆ ಹೋದರು.

ಊಟ ಚೆನ್ನಾಗಿಯೇ ಆಯಿತು. ಮಣೆಯ ಮೇಲೆ ಕೂತು, ಅರ್ಧರ್ಧ ಚಮಚ, ‘ಆ ಅನ್ನು’, ಎಲ್ಲ ಹೇಳಿದ ಹಾಗೇ ಮಾಡಿದೆ. ಬಟ್ಟಲು ಖಾಲಿಯಾಯಿತು, ತಾಟಿನಲ್ಲಿ ಬಡಿಸಿಕೊಂಡದ್ದೂ ಮುಗಿಯಿತು. ನಾನು ಏಳಬೇಕು ಅನ್ನುವಾಗ ಅಕ್ಕ ಎಡಗೈಯಿಂದ ತಾಟಿನ ಅಂಚು ಹಿಡಿದಳು. ನನ್ನನ್ನು ನೋಡಿದಳು, ನೀರಿನ ತಂಬಿಗೆ ನೋಡಿದಳು. ಬೇರೆ ಯಾರಾಗಿದ್ದರೂ ಬಾಯಾರಿಕೆ ಎಂದುಕೊಂಡು ಪುಡಿ ಕಲಸಿದ ನೀರು ಕೊಡುತ್ತಿದ್ದರು. ನಾನು ಅದೇ ಮನೆಯಲ್ಲಿ ಬೆಳೆದವಳು, ನನಗೆ ತಕ್ಷಣ ತಿಳಿಯಿತು. ಮೂರು ತಿಂಗಳಿಂದ ಅವಳ ಒಂದು ಊಟವೂ ಮುಗಿದಿಲ್ಲ. ಇದು ಕುಡಿಯುವ ನೀರಲ್ಲ, ತಾಟು ತೊಳೆದದ್ದು, ಎರಡೇ ಗುಟುಕು ಎಂದುಕೊಂಡೆ. ನೀರು ಹಾಕಿದೆ. ಅವಳು ತಾನೇ ಎಡಗೈಯ ಬೆರಳಿನಿಂದ ತಾಟನ್ನು ಸುತ್ತ ತಿಕ್ಕಿದಳು. ನಾನು ತಾಟೆತ್ತಿ ಬಾಯಿಗೆ ಹಿಡಿದೆ. ಕುಡಿದಳು. ಕೆಮ್ಮಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು, ಅದು ಸಮಾಧಾನದ್ದು ಎಂದು ತಿಳಿದೆ.

ಸಂಜೆ ಮಾಮಾ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕನ ಮುಖ ನೋಡಿ, ನೀರು ಗೀರು ಏನಾದರೂ ಕೊಟ್ಟೆಯಾ ಎಂದು ಕೇಳಿದರು. ಇಲ್ಲ ಎಂದೆ. ಯಾಕೆ ಸುಳ್ಳಾಡಿದೆ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ಅವಳು ಕೆಮ್ಮಿರಲಿಲ್ಲ, ಅದೊಂದು. ಬೆಳಿಗ್ಗೆ ಅಷ್ಟು ಜಂಬ ಕೊಚ್ಚಿಕೊಂಡು ಸಂಜೆಗೆ ತಪ್ಪು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ, ಇದೇ ನಿಜವಾದದ್ದು. ಮರುದಿನ ಮಧ್ಯಾಹ್ನ ಮಾಮಾ ಹಿತ್ತಲಲ್ಲಿದ್ದಾಗ ಅಕ್ಕ ಮತ್ತೆ ತಾಟು ಹಿಡಿದಳು. ಮತ್ತೆ ಕೊಟ್ಟೆ.

ಮೂರನೆಯ ದಿನ ಜ್ವರ. ನಾಲ್ಕನೆಯ ದಿನ ಉಸಿರಾಡಿದರೆ ಎದೆಯಲ್ಲಿ ಅಂಬಲಿ ಕುದ್ದಂಥ ಸದ್ದು. ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಒಯ್ದಾಗ ತುಟಿ ಕಪ್ಪಿಟ್ಟಿದ್ದವು. ಸುದ್ದಿ ತಿಳಿದು ನಾನು ಇಂಡಿಯಿಂದ ನೇರ ಆಸ್ಪತ್ರೆಗೆ ಓಡಿದೆ. ಮುದ್ದೇಬಿಹಾಳದಲ್ಲಿ ಹೈಸ್ಕೂಲ್ ಮಾಸ್ತರನಾಗಿರುವ ಅಕ್ಕನ ಮಗ ಕಲ್ಮೇಶನೂ ಬಂದಿದ್ದ. ಪುಪ್ಪುಸಕ್ಕೆ ನೀರಿನಂಥದ್ದೇನೋ ಇಳಿದಿದೆ, ಏನು ಕೊಟ್ಟಿರಿ ಎಂದು ಪ್ರಿಯದರ್ಶಿನಿ ಕೇಳುತ್ತಿದ್ದಳು. ಮಾಮಾ ನಿಂತಲ್ಲೇ ಹಿಂದಿನ ಒಂದು ವಾರದ ಒಂದೊಂದೇ ಊಟ ನೆನಪಿಸಿಕೊಂಡು ಒಪ್ಪಿಸುತ್ತಿದ್ದರು. ಬುಧವಾರದ ಸಜ್ಜಕ ತೆಳ್ಳಗಾಯಿತೇನೋ, ಗುರುವಾರ ನೀರಿಗೆ ಪುಡಿ ಕಡಿಮೆ ಹಾಕಿದೆನೇನೋ ಎಂದು ತಮ್ಮ ತಲೆಯ ಮೇಲೇ ಹಾಕಿಕೊಳ್ಳುತ್ತಿದ್ದರು. ಕಲ್ಮೇಶ ತಂದೆಯನ್ನು ನೋಡುತ್ತಿದ್ದ ನೋಟ ನನ್ನಿಂದ ನೋಡಲಾಗಲಿಲ್ಲ. ಅವರಿಬ್ಬರ ನಡುವೆ ಹೋಗಿ ನಿಂತೆ.

“ನೀರ ನಾ ಕೊಟ್ಟೇನ್ರಿ ಮಾಮಾ. ತಾಟ ತೊಳದು. ಎರಡ ದಿನ.”

ಹೊಡೆದರೂ ಹೊಡೆಸಿಕೊಳ್ಳಬೇಕೆಂದು ನಿಂತಿದ್ದೆ. ಕಲ್ಮೇಶ ‘ಚಿಗವ್ವಾ’ ಎಂದವನೇ ಗೋಡೆಗೆ ತಿರುಗಿದ. ಮಾಮಾ ಬೆಂಚಿನ ಮೇಲೆ ಕೂತರು. ತಗ್ಗಿದ ದನಿಯಲ್ಲಿ ಹೇಳಿದರು.

“ನಿಂದು ತಪ್ಪಿಲ್ಲ ಅನ್ನಂಗಿಲ್ಲ, ಐತಿ. ಆದ್ರ ಮದಲಿನ ತಪ್ಪ ನಂದು. ಆಕಿ ದಿನಾ ತಾಟ ಕೇಳ್ತಿದ್ಲು. ನಾ ಕಸಗೊಂಡು ಒಳಗ ಹೋಗ್ತಿದ್ದೆ. ಅದನ್ನ ನಿನಗ ಹೇಳಾಕ ನಾಚಿಕಿ ಬಂತು.”

ಬಾಗಿಲಲ್ಲಿ ನಿಂತು ಹೇಳದೆ ಹೋದದ್ದು ಇದೇ. ಹೆಂಡತಿಯ ಕೈಯಿಂದ ಮೂರು ಹೊತ್ತೂ ತಾಟು ಕಿತ್ತುಕೊಳ್ಳುವ ಗಂಡ ಎಂದು ನಾದಿನಿಯ ಎದುರು ಹೇಳಿಕೊಳ್ಳಲಾಗದೆ ಒಬ್ಬರು ಸುಮ್ಮನಾದರು. ಜಂಬ ಬಿಡಲಾಗದೆ ಇನ್ನೊಬ್ಬಳು ಸುಳ್ಳಾಡಿದಳು. ನಡುವೆ ಅಕ್ಕನ ಜೀವ ಬಾಯಿಗೆ ಬಂತು.

ಹದಿಮೂರು ದಿನ ಆಸ್ಪತ್ರೆ, ಮತ್ತೆ ಮೂಗಿನ ನಳಿಗೆ, ಮತ್ತೆ ಕಟ್ಟಿದ ಕೈ. ಎದೆ ತಿಳಿಯಾದ ಮೇಲೆ ಹೊಟ್ಟೆಯ ನಳಿಗೆಯ ಮಾತು ಬಂತು. ಕಲ್ಮೇಶ ಆಗಲಿ ಎಂದ. ಅವನನ್ನು ತಪ್ಪು ಅನ್ನಲಾರೆ. ಅವ್ವ ಬಾಯಿಂದ ಉಂಡಳೋ ಹೊಟ್ಟೆಯಿಂದ ಉಂಡಳೋ, ಬದುಕಿದ್ದರೆ ಸಾಕು ಎಂಬುದು ಅವನ ಮಾತು. ಮಾಮಾ ಒಪ್ಪಲಿಲ್ಲ. ಪೂಜೆ ಮಾಡಿ ತಾಟಿನ ಮುಂದೆ ಕೂರುವುದೊಂದೇ ಅವಳಿಗೆ ಉಳಿದದ್ದು, ಅದನ್ನೂ ತೆಗೆದರೆ ಬದುಕಿ ಏನು ಮಾಡಬೇಕು ಎಂದು ವಾರ್ಡಿನಲ್ಲೇ ಮಗನ ಮೇಲೆ ಹರಿಹಾಯ್ದರು. ಕೊನೆಗೆ ಪ್ರಿಯದರ್ಶಿನಿ ಹತ್ತು ದಿನ ಕೊಟ್ಟಳು. ಹತ್ತು ದಿನ ಬಾಯಿಂದ ತಿನ್ನಿಸಿ, ಹನ್ನೊಂದನೆಯ ದಿನ ಸೋಮವಾರ ಇಲ್ಲೇ ನನ್ನೆದುರಿಗೆ ಒಂದು ಬಟ್ಟಲು ಉಣ್ಣಿಸಿ ತೋರಿಸಿ, ಆಗದಿದ್ದರೆ ಮಂಗಳವಾರ ನಳಿಗೆ ಎಂದಳು.

ಆ ಹತ್ತು ದಿನ ನಾನು ಗೊಳಸಂಗಿಯಲ್ಲೇ ಇದ್ದೆ. ಅಕ್ಕ ಬಾಯಿ ಬಿಗಿದಳು. ಹಸಿವಿಲ್ಲವೆಂದಲ್ಲ, ಮೊದಲ ನಾಲ್ಕು ಚಮಚ ಆಸೆಯಿಂದ ತೆಗೆದುಕೊಳ್ಳುವಳು. ಆಮೇಲೆ ತಾಟು ನೋಡುವಳು, ನೀರು ನೋಡುವಳು, ಮಾಮಾನನ್ನು ನೋಡುವಳು. ಇಲ್ಲ ಎಂದು ಅವರು ತಲೆಯಾಡಿಸಿದರೆ ತುಟಿ ಮುಚ್ಚಿದವಳು ತೆರೆಯುತ್ತಿರಲಿಲ್ಲ. ಎರಡು ಸಲ ಸರಿಯಾಗಿ ಊಟ ಮುಗಿಸಿದವಳು ಇನ್ನು ಅರ್ಧಂಬರ್ಧಕ್ಕೆ ಒಪ್ಪುವವಳಲ್ಲ. ಪುಡಿ ಕಲಸಿದ ಗಟ್ಟಿ ನೀರಿನಲ್ಲೇ ತಾಟು ತೊಳೆಯಿರಿ ಎಂದು ಪ್ರಿಯದರ್ಶಿನಿ ಫೋನಿನಲ್ಲಿ ಹೇಳಿದಳು. ತೊಳೆದೆವು. ತಾಟಿಗೆಲ್ಲ ಲೋಳೆ ಬಳಿದುಕೊಂಡಿತು, ಅಕ್ಕ ಅದನ್ನು ನೋಡಿ ‘ಬ್ಯಾಡ’ ಎಂದು ಮುಖ ತಿರುಗಿಸಿದಳು. ತಾಟೇ ಬೇಡ ಎಂದು ಬಟ್ಟಲಿನಿಂದ ತಿನ್ನಿಸಿದೆವು. ಬಟ್ಟಲನ್ನೇ ತೊಳೆದು ಕೊಡಿ ಎನ್ನುವಂತೆ ಅದಕ್ಕೆ ಕೈ ಚಾಚಿದಳು. ಮಠದ ಅಯ್ಯನವರು ಬಂದು, ರೋಗಿಗೆ ಇದೆಲ್ಲ ಮಾಫಿ ತಾಯಿ ಎಂದು ಕೈ ಮುಗಿದು ಹೇಳಿದರು. ಅವರಿಗೂ ಅದೇ ಒಂದು ಶಬ್ದ.

ದಿನಕ್ಕೆ ಎಂಟು ಹತ್ತು ಚಮಚಕ್ಕಿಂತ ಹೆಚ್ಚು ಹೋಗಲಿಲ್ಲ. ಬಳೆಗಳು ಮೊಳಕೈವರೆಗೆ ಸರಿಯತೊಡಗಿದವು. ಮಾಮಾ ಬೇಡಿಕೊಂಡರು, ಒಮ್ಮೆ ಗದರಿದರು, ಗದರಿದ ಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವಳು ಉಳಿಸಿದ್ದನ್ನು ಏನು ಮಾಡುವುದೆಂದೂ ತಿಳಿಯದೆ ಆಕಳಿಗೆ ಹಾಕುತ್ತಿದ್ದೆವು, ಅದನ್ನೂ ಅವಳು ಕಿಟಕಿಯಿಂದ ನೋಡುತ್ತಿದ್ದಳು. ಶನಿವಾರ ಕಲ್ಮೇಶ ಫೋನ್ ಮಾಡಿ ಮಂಗಳವಾರಕ್ಕೆ ರಜೆ ಬರೆದಿದ್ದೇನೆ ಎಂದ. ನನಗೆ ಅಕ್ಕನ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಅವಳ ಕಾಲ ಹತ್ತಿರ ಕೂತು, ಹಟ ಬಿಡು, ನಿನ್ನನ್ನು ಕಳೆದುಕೊಂಡರೆ ನನಗೆ ತವರು ಅನ್ನುವುದೇ ಉಳಿಯುವುದಿಲ್ಲ ಎಂದು ಬೈದೆ, ಅತ್ತೆ. ಎಡಗೈಯಿಂದ ನನ್ನ ತಲೆ ಸವರಿದಳು. ಬಾಯಿ ಮಾತ್ರ ತೆರೆಯಲಿಲ್ಲ.

ಸೋಮವಾರ ಹನ್ನೊಂದಕ್ಕೆ ಆಸ್ಪತ್ರೆ ತಲುಪಿದೆವು. ತೂಕ ನಾಲ್ಕು ಕಿಲೋ ಇಳಿದಿತ್ತು. ಪ್ರಿಯದರ್ಶಿನಿಯ ಸಣ್ಣ ಕೋಣೆಯಲ್ಲಿ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದೆವು. ಕಲ್ಮೇಶ ಬಾಗಿಲಿಗೆ ಆತು ನಿಂತ, ಅವನ ಕೈಯಲ್ಲಿ ನಳಿಗೆಗೆ ಒಪ್ಪಿಗೆಯ ಕಾಗದ ಇತ್ತು. ಅಲ್ಲಿ ಮಣೆ ಎಲ್ಲಿಂದ ಬರಬೇಕು? ಮಾಮಾ ಬರಿ ನೆಲದ ಮೇಲೆ ಮಂಡಿಯೂರಿ ಕೂತರು. ಅರವತ್ತಾರು ವರ್ಷದ ಮೊಣಕಾಲು ಕಟಕ್ ಎಂದದ್ದು ಎಲ್ಲರಿಗೂ ಕೇಳಿಸಿತು. ಡಬ್ಬಿಯಿಂದ ನುಚ್ಚು ತಾಟಿಗೆ ಹಾಕಿಕೊಂಡು ಶುರುಮಾಡಿದರು.

ಒಂದು, ಎರಡು, ಮೂರು, ನಾಲ್ಕು. ‘ಆ ಅನ್ನು.’ ದನಿ ಸ್ವಚ್ಛವಾಗಿತ್ತು. ಐದನೆಯದಕ್ಕೆ ತುಟಿ ಮುಚ್ಚಿತು. ಮಾಮಾ ಚಮಚ ಹಿಡಿದು ಕಾದರು. ಪ್ರಿಯದರ್ಶಿನಿ ಗಡಿಯಾರ ನೋಡಲಿಲ್ಲ, ಆದರೆ ಗೋಡೆಯ ಗಡಿಯಾರದ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಹತ್ತು ನಿಮಿಷವಾಯಿತು. ಅಕ್ಕ ತಾಟನ್ನೇ ನೋಡುತ್ತಿದ್ದಳು. ಕಲ್ಮೇಶ, ಸಾಕು ಬಿಡು ಅಪ್ಪಾ, ಆಕೆಗೂ ತ್ರಾಸು ನಿನಗೂ ತ್ರಾಸು ಎಂದು ಕಾಗದ ಬಿಚ್ಚಿ ಮೇಜಿನ ಮೇಲಿಟ್ಟ.

ಮಾಮಾ ಚಮಚ ಕೆಳಗಿಟ್ಟರು. ಪಕ್ಕದಲ್ಲಿದ್ದ ನೀರಿನ ಬಾಟಲಿ ತೆಗೆದು, ಅರ್ಧ ಉಳಿದಿದ್ದ ತಾಟಿಗೆ ನೀರು ಸುರಿದರು.

ಸೋತು ಕೊಟ್ಟೇಬಿಡುತ್ತಾರೆ ಎಂದುಕೊಂಡೆ. ಪ್ರಿಯದರ್ಶಿನಿ ನೀರು ಬೇಡ ಎನ್ನುತ್ತ ಎದ್ದಳು, ಕಲ್ಮೇಶ ತಾಟಿಗೆ ಕೈ ಹಾಕಿದ. ಮಾಮಾ ಅವನ ಕೈ ಸರಿಸಿದರು. ಅಕ್ಕ ಮಾಡುತ್ತಿದ್ದ ಹಾಗೇ ಬೆರಳಿನಿಂದ ಸುತ್ತಲೂ ತಿಕ್ಕಿ, ಉಳಿದ ನುಚ್ಚನ್ನೆಲ್ಲ ಕಲಕಿ, ಎರಡೂ ಕೈಯಿಂದ ತಾಟೆತ್ತಿ ತಾವೇ ಕುಡಿದರು. ಕೊನೆಯ ಹನಿಯವರೆಗೆ ಕುಡಿದು, ಖಾಲಿ ತಾಟನ್ನು ಅವಳ ಮುಂದೆ ಹಿಡಿದರು.

“ನೋಡು. ತಾಟ ತೊಳದೇತಿ, ಪ್ರಸಾದ ಕೆಟ್ಟಿಲ್ಲ. ನೀ ಕುಡದ್ರೇನು, ನಾ ಕುಡದ್ರೇನು.”

ಹೆಂಡತಿ ಗಂಡನ ತಾಟಿನಲ್ಲಿ ಉಣ್ಣುವುದನ್ನು ನೋಡಿ ನೋಡಿ ರೋಸಿದವಳು ನಾನು. ಗಂಡ ಹೆಂಡತಿಯ ಎಂಜಲು ತಾಟು ತೊಳೆದು ಕುಡಿದದ್ದನ್ನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅಕ್ಕನೂ ಕಂಡಿರಲಿಲ್ಲ. ಅವಳ ಮುಖ ಕೆಂಪೇರಿತು. ಬ್ಯಾಡ, ಬ್ಯಾಡ, ಬ್ಯಾಡ ಎಂದು ಎಡಗೈಯಿಂದ ಮಾಮಾನ ಮಣಿಕಟ್ಟು ಹಿಡಿದು ಜಗ್ಗಿದಳು. ಇಷ್ಟು ದಿನ ಹೇಳಿದ ಬ್ಯಾಡವೇ ಬೇರೆ, ಇದು ಬೇರೆ. ಮಹಾಪಾಪ ನಡೆದುಹೋಯಿತು ಎಂಬಂಥ ಸಂಕಟ ಅದರಲ್ಲಿತ್ತು. ಮಾಮಾ ಏನೂ ಆಗದವರ ಹಾಗೆ ಡಬ್ಬಿಯಿಂದ ಮತ್ತೆ ನುಚ್ಚು ಬಡಿಸಿಕೊಂಡರು.

“ಬ್ಯಾಡಂದ್ರ ಉಳಿಸಬ್ಯಾಡ. ನೀ ಉಳಿಸಿದ್ದು ಇನ್ನ ಮ್ಯಾಲ ಆಕಳಿಗೆ ಹಾಕಂಗಿಲ್ಲ. ನಾನ ಉಣ್ಣಾವ.”

ಅಕ್ಕ ಅವರನ್ನು ದಿಟ್ಟಿಸಿದಳು. ಗಡ್ಡದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. ಅವಳು ತಾಟಿನಲ್ಲಿದ್ದದ್ದನ್ನು ನೋಡಿದಳು. ಗದ್ದ ಇಳಿಸಿ, ಬಾಯಿ ತೆರೆದಳು.

ನಲವತ್ತು ನಿಮಿಷ ಹಿಡಿಯಿತು. ಒಂದೊಂದು ಚಮಚಕ್ಕೂ ನಾವು ಮೂವರೂ ಆ ದನಿಗೆ ಕಾಯುತ್ತಿದ್ದೆವು. ನಡುವೆ ಒಮ್ಮೆ ಗೊರ ಎಂದಿತು. ಮಾಮಾ ಚಮಚ ಕೆಳಗಿಟ್ಟರು, ಕಲ್ಮೇಶನ ಬಾಯಿ ತೆರೆದಿತು, ಪ್ರಿಯದರ್ಶಿನಿ ಕೈ ಎತ್ತಿ ಅವನನ್ನು ತಡೆದಳು. ಅಕ್ಕ ಇನ್ನೊಮ್ಮೆ ನುಂಗಿ, ತಾನೇ ‘ಆ’ ಎಂದಳು. ಸ್ವಚ್ಛ. ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದವು, ಆದರೂ ತಾಟಿನಲ್ಲಿ ಎಷ್ಟು ಉಳಿದಿದೆ ಎಂದು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು. ಗಂಡನ ಬಾಯಿಗೆ ತನ್ನ ಎಂಜಲು ಹೋಗಬಾರದೆಂದು ಒಂದೊಂದೇ ಚಮಚ ನುಂಗಿದಳು ನಮ್ಮಕ್ಕ. ಡಬ್ಬಿ ಖಾಲಿಯಾಯಿತು, ತಾಟೂ ಖಾಲಿಯಾಯಿತು. ಅಂಚಿಗೆ ಹತ್ತಿದ್ದನ್ನೂ ಬೆರಳು ತೋರಿಸಿ ಚಮಚದಿಂದ ಕೆರೆಸಿಕೊಂಡಳು.

ಪ್ರಿಯದರ್ಶಿನಿ ಎದೆಗೆ ಯಂತ್ರ ಇಟ್ಟು ಎರಡೂ ಕಡೆ ಕೇಳಿದಳು. ಈ ವಾರ ನಳಿಗೆ ಬೇಡ, ಹೀಗೇ ಉಂಡರೆ ಮುಂದೆಯೂ ಬೇಡ ಎಂದು ಬರೆದಳು. ಕಲ್ಮೇಶ ಮೇಜಿನ ಮೇಲಿದ್ದ ಕಾಗದ ಮಡಿಚಿ ಕಿಸೆಗಿಟ್ಟುಕೊಂಡು, ತಂದೆಯನ್ನು ಎಬ್ಬಿಸಲು ಕೈ ಕೊಟ್ಟ. ಮಾಮಾ ಏಳಲಿಲ್ಲ. ಬಾಟಲಿ ತೆಗೆದು, ಏನೂ ಉಳಿಯದ ತಾಟಿಗೆ ಒಂದು ಗುಟುಕಿನಷ್ಟು ನೀರು ಹಾಕಿ ಬೆರಳಾಡಿಸಿದರು. ಆಮೇಲೆ ಕುಡಿಯದೆ, ತಾಟು ಹಿಡಿದು ಅಕ್ಕನ ಮುಖ ನೋಡುತ್ತ ಕೂತರು. ಮತ್ತೆ ಬ್ಯಾಡ ಎನ್ನುತ್ತಾಳೆ, ಮತ್ತೆ ಬಾಯಿ ಬಿಗಿಯುತ್ತಾಳೆ ಎಂದುಕೊಂಡೆ. ಇದು ಮುಗಿಯದಿದ್ದರೆ ರಾತ್ರಿಯ ಊಟ ಇಲ್ಲ, ನಾಳೆಯದೂ ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅಕ್ಕ ತಾಟಿನೊಳಗಿನ ನೀರನ್ನು ಬಹಳ ಹೊತ್ತು ನೋಡಿದಳು. ಎಡಗೈ ಚಾಚಿ ತಾಟಿನ ಅಂಚು ಹಿಡಿದಳು. ತನ್ನ ಕಡೆ ಎಳೆದುಕೊಳ್ಳಲಿಲ್ಲ, ಮಾಮಾನ ಬಾಯಿಯ ಕಡೆಗೆ ತಳ್ಳಿದಳು. ತುಟಿ ಎರಡು ಮೂರು ಸಲ ಅಲುಗಾಡಿ, ನಾಲ್ಕು ತಿಂಗಳಲ್ಲಿ ಎರಡನೆಯ ಶಬ್ದ ಹೊರಬಿತ್ತು.

“ಕುಡೀರಿ.”

ಮಾಮಾ ಕುಡಿದರು. ಅವರ ಹಲ್ಲು ಸ್ಟೀಲಿನ ಅಂಚಿಗೆ ಕಟಕಟ ಬಡಿಯುತ್ತಿತ್ತು, ಅಕ್ಕ ಇನ್ನೂ ತಾಟು ಬಿಟ್ಟಿರಲಿಲ್ಲ.